ಕುಸ್ಕೊ ನೋಡುವುದು ಹೇಗೆ: ಆಂಡಿಸ್ ಬೆಟ್ಟಗಳ ಹಳೇ ರಾಜಧಾನಿಗೆ ಸಮಗ್ರ ಮಾರ್ಗದರ್ಶಿ

ಪೆರು ದೇಶಕ್ಕೆ ಹೋಗುವ ನಮ್ಮವರಲ್ಲಿ ಹೆಚ್ಚಿನವರ ಕಣ್ಣು ಮಾಚು ಪಿಚು ಎಂಬ ಹಳೇ ಬೆಟ್ಟದೂರಿನ ಮೇಲಿರುತ್ತದೆ. ಅವರಿಗೆ ಕುಸ್ಕೊ ಅಂದರೆ ರೈಲು ಹತ್ತುವ ಮುಂಚೆ ಒಂದು ರಾತ್ರಿ ಮಲಗಿ ಏಳುವ ಊರು. ಇದರಿಂದ ಎರಡು ನಷ್ಟ. ಸಮುದ್ರದ ದಡದಿಂದ ನೇರವಾಗಿ ಬೆಟ್ಟಕ್ಕೆ ಹಾರಿ ಬಂದು, ಆ ಒಂದು ರಾತ್ರಿಯನ್ನು ತಲೆನೋವಿನಲ್ಲಿ ಕಳೆಯುತ್ತಾರೆ. ಜೊತೆಗೆ ಒಂದು ಖಂಡದ ಇತಿಹಾಸವನ್ನು ಒಂದೇ ಗೋಡೆಯಲ್ಲಿ ತೋರಿಸುವ ಊರನ್ನು ನೋಡದೆಯೇ ವಾಪಸು ಬರುತ್ತಾರೆ.

ಕುಸ್ಕೊ ಇಂಕಾ ಸಾಮ್ರಾಜ್ಯದ ರಾಜಧಾನಿಯಾಗಿತ್ತು. 1533ರ ನವೆಂಬರ್‌ನಲ್ಲಿ ಫ್ರಾನ್ಸಿಸ್ಕೊ ಪಿಸಾರೊನ ಸ್ಪೇನ್ ಪಡೆ ಊರೊಳಗೆ ಬಂತು. ಅರಮನೆಗಳನ್ನೂ ಗುಡಿಗಳನ್ನೂ ಅವರು ಕೆಡವಿದರು, ಆದರೆ ಬುಡದ ಗೋಡೆಗಳನ್ನು ಬಹಳ ಕಡೆ ಹಾಗೇ ಬಿಟ್ಟು ಅದರ ಮೇಲೆಯೇ ಚರ್ಚು, ಮಠ, ಬಂಗಲೆ ಕಟ್ಟಿದರು. ಹಾಗಾಗಿ ಇವತ್ತಿಗೂ ಅನೇಕ ಬೀದಿಗಳಲ್ಲಿ ಕೆಳಗೆ ಗಾರೆಯಿಲ್ಲದೆ ಕೂಡಿಸಿದ ಕಪ್ಪು ಕಲ್ಲು, ಮೇಲೆ ಸುಣ್ಣ ಬಳಿದ ಗೋಡೆ, ಮರದ ಬಾಲ್ಕನಿ, ಕೆಂಪು ಹೆಂಚು ಕಾಣುತ್ತವೆ. 1983ರಲ್ಲಿ ಯುನೆಸ್ಕೊ ಈ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನನ್ನ ಸಲಹೆ ಇಷ್ಟೇ: ಕುಸ್ಕೊಗೆ ಕಡಿಮೆಯೆಂದರೆ ನಾಲ್ಕು ದಿನ ಇಡಿ, ಆ ನಾಲ್ಕು ದಿನವನ್ನು ಪ್ರವಾಸದ ಕೊನೆಗೆ ಇಡಿ. ಊರೊಳಗೆ ನಡೆಯುವಾಗ ಬಾಲ್ಕನಿಗಿಂತ ಮೊದಲು ಗೋಡೆಯ ಬುಡ ನೋಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

1. ಯಾವಾಗ ಹೋಗಬೇಕು

ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಒಣ ಹವೆ. ಹಗಲು ಚುರುಕು ಬಿಸಿಲು, ರಾತ್ರಿ ಕೊರೆಯುವ ಚಳಿ. ಜೂನ್, ಜುಲೈ ರಾತ್ರಿಗಳಲ್ಲಿ ಉಷ್ಣಾಂಶ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಬಹಳಷ್ಟು ಹೋಟೆಲುಗಳಲ್ಲಿ ಕೋಣೆ ಬಿಸಿ ಮಾಡುವ ವ್ಯವಸ್ಥೆ ಇರುವುದಿಲ್ಲ. ಬುಕ್ ಮಾಡುವಾಗಲೇ ಹೀಟರ್ ಇದೆಯಾ ಎಂದು ಕೇಳಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ, ಜನವರಿ ಮತ್ತು ಫೆಬ್ರವರಿಯಲ್ಲಿ ತುಂಬಾ ಜಾಸ್ತಿ.

ಜೂನ್ 24ಕ್ಕೆ ಇಂತಿ ರೈಮಿ, ಸೂರ್ಯನ ಹಬ್ಬ. ಸ್ಪೇನ್ ಆಳ್ವಿಕೆಯಲ್ಲಿ ನಿಂತುಹೋಗಿದ್ದ ಈ ಹಬ್ಬವನ್ನು 1944ರಲ್ಲಿ ದೊಡ್ಡ ಪ್ರದರ್ಶನದ ರೂಪದಲ್ಲಿ ಮತ್ತೆ ಶುರು ಮಾಡಿದರು. ನೋಡಲು ಚೆಂದ, ಆದರೆ ಆ ವಾರ ಊರಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಕೋಣೆ ಬಾಡಿಗೆಯೂ ಏರಿರುತ್ತದೆ. ಜನರ ನಿಜವಾದ ಭಕ್ತಿ ನೋಡಬೇಕೆಂದರೆ ಈಸ್ಟರ್ ಭಾನುವಾರಕ್ಕೆ ಮುಂಚಿನ ಸೋಮವಾರ ಅಲ್ಲಿರಿ. ‘ಭೂಕಂಪಗಳ ಒಡೆಯ’ ಎಂದು ಜನ ನಂಬುವ ಕಪ್ಪು ಬಣ್ಣದ ಏಸು ಮೂರ್ತಿಯ ಮೆರವಣಿಗೆ ಅಂದು ಹೊರಡುತ್ತದೆ. ಬಾಲ್ಕನಿಗಳಿಂದ ಜನ ‘ನುಕ್ಚು’ ಎಂಬ ಕೆಂಪು ಹೂವನ್ನು ಸುರಿಯುತ್ತಾರೆ. 1650ರ ಭೂಕಂಪದಲ್ಲಿ ಈ ಮೂರ್ತಿಯನ್ನು ಹೊರಗೆ ತಂದಾಗ ನೆಲ ಶಾಂತವಾಯಿತು ಎಂಬುದು ಊರವರ ನಂಬಿಕೆ. ನನ್ನನ್ನು ಕೇಳಿದರೆ, ಒಂದೇ ಹಬ್ಬ ಆರಿಸಬೇಕಾದರೆ ಇದನ್ನೇ ಆರಿಸಿ.

ಹಬ್ಬ ಬೇಡ, ಜನಜಂಗುಳಿ ಬೇಡ ಅನ್ನುವವರಿಗೆ ಮೇ ತಿಂಗಳ ಮೊದಲ ಅರ್ಧ ಅಥವಾ ಸೆಪ್ಟೆಂಬರ್ ಒಳ್ಳೆಯದು. ಮೇನಲ್ಲಿ ಸುತ್ತಲಿನ ಬೆಟ್ಟಗಳಲ್ಲಿ ಮಳೆಗಾಲದ ಹಸಿರು ಇನ್ನೂ ಉಳಿದಿರುತ್ತದೆ.

2. ಕಾಗದಪತ್ರ ಮತ್ತು ವಿಮಾನ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಪೆರು ವೀಸಾ ಬೇಕು. ಒಂದು ವಿನಾಯಿತಿ ಇದೆ. ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ ಅಥವಾ ಷೆಂಗೆನ್ ದೇಶಗಳ ವೀಸಾ ಇದ್ದು, ಅದರಲ್ಲಿ ಇನ್ನೂ ಆರು ತಿಂಗಳು ಬಾಕಿ ಇದ್ದರೆ, ಅಥವಾ ಅಲ್ಲಿನ ಕಾಯಂ ವಾಸದ ಅನುಮತಿ ಇದ್ದರೆ, ಪ್ರವಾಸಕ್ಕೆ ಬೇರೆ ವೀಸಾ ಬೇಡ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದರಿಂದ ದೊಡ್ಡ ಅನುಕೂಲ. ಉಳಿದವರು ದೆಹಲಿಯ ಪೆರು ರಾಯಭಾರ ಕಚೇರಿಯಲ್ಲಿ ಅರ್ಜಿ ಹಾಕಬೇಕು. ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ಕೊಳ್ಳುವ ಮುಂಚೆ ಒಮ್ಮೆ ಖಚಿತ ಮಾಡಿಕೊಳ್ಳಿ.

ಹಳದಿ ಜ್ವರದ ಲಸಿಕೆಯ ವಿಷಯ ಬಹಳ ಜನರಿಗೆ ಕೊನೆಗೆ ನೆನಪಾಗುತ್ತದೆ. ಕುಸ್ಕೊ ಊರಿನ ಎತ್ತರದಲ್ಲಿ ಈ ರೋಗದ ಭಯವಿಲ್ಲ. ಆದರೆ ಪೆರುವಿನ ಅಮೆಜಾನ್ ಕಾಡಿನ ಭಾಗದಲ್ಲಿ ಇದೆ, ಅದಕ್ಕೇ ಭಾರತ ಸರ್ಕಾರ ಪೆರುವನ್ನು ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿ ಇಟ್ಟಿದೆ. ಅಲ್ಲಿಂದ ನೇರ ಭಾರತಕ್ಕೆ ಮರಳುವವರ ಕೈಯಲ್ಲಿ ಲಸಿಕೆಯ ಹಳದಿ ಕಾರ್ಡ್ ಇಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿದ ಹತ್ತು ದಿನದ ನಂತರವೇ ಕಾರ್ಡ್ ಊರ್ಜಿತ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಸಾಕು. ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಇದನ್ನು ಹಾಕುತ್ತಾರೆ. ಬೆಂಗಳೂರಿನಲ್ಲೂ ಇದೆ. ಹೊರಡುವ ಒಂದು ತಿಂಗಳ ಮುಂಚೆ ಮುಗಿಸಿಬಿಡಿ.

ಭಾರತದಿಂದ ಪೆರುಗೆ ನೇರ ವಿಮಾನ ಇಲ್ಲ. ಆಮ್ಸ್ಟರ್‌ಡ್ಯಾಮ್, ಪ್ಯಾರಿಸ್, ಮ್ಯಾಡ್ರಿಡ್ ಮೂಲಕ ಲಿಮಾಗೆ ಹೋಗಬಹುದು. ಅಮೆರಿಕದ ಮೂಲಕ ಹೋಗುವುದಾದರೆ ಬರೀ ವಿಮಾನ ಬದಲಿಸಲೂ ಅಮೆರಿಕದ ವೀಸಾ ಬೇಕು. ಲಿಮಾದಿಂದ ಕುಸ್ಕೊಗೆ ಸುಮಾರು ಒಂದೂಕಾಲು ಗಂಟೆಯ ಹಾರಾಟ. ಬೆಳಗಿನ ವಿಮಾನ ಹಿಡಿಯಿರಿ. ಮಧ್ಯಾಹ್ನದ ಮೇಲೆ ಕಣಿವೆಯಲ್ಲಿ ಗಾಳಿ ಜೋರಾಗುತ್ತದೆ, ವಿಮಾನಗಳು ತಡವಾಗುವುದು ಆಗಲೇ ಜಾಸ್ತಿ.

3. ಎತ್ತರಕ್ಕೆ ಹೊಂದಿಕೊಳ್ಳುವುದು: ಇದನ್ನು ಬಿಟ್ಟು ಓದಬೇಡಿ

ಕುಸ್ಕೊ ಇರುವುದು ಸಮುದ್ರ ಮಟ್ಟದಿಂದ ಸುಮಾರು 3,400 ಮೀಟರ್ ಮೇಲೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ವಿಮಾನದಲ್ಲಿ ಲೇಹ್‌ಗೆ ಹೋದವರಿಗೆ ಈ ಅನುಭವ ಗೊತ್ತಿರುತ್ತದೆ, ಹೆಚ್ಚೂಕಡಿಮೆ ಅಷ್ಟೇ ಎತ್ತರ. ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಭಾಗದಷ್ಟು ಮಾತ್ರ. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು, ಎರಡು ಮೆಟ್ಟಿಲಿಗೇ ಏದುಸಿರು ಇವೆಲ್ಲ ಮಾಮೂಲು. ಅಲ್ಲಿನವರು ಇದನ್ನು ‘ಸೊರೊಚೆ’ ಅನ್ನುತ್ತಾರೆ. ವಯಸ್ಸಿಗೂ ಗಟ್ಟಿತನಕ್ಕೂ ಇದಕ್ಕೂ ಸಂಬಂಧವಿಲ್ಲ. ದಿನಾ ಜಿಮ್‌ಗೆ ಹೋಗುವ ಮಗ ಮಲಗಿರುತ್ತಾನೆ, ಅಮ್ಮ ಆರಾಮಾಗಿ ಓಡಾಡುತ್ತಿರುತ್ತಾರೆ.

ಮದ್ದಿಗಿಂತ ಮುಖ್ಯವಾದದ್ದು ಪ್ರಯಾಣದ ಕ್ರಮ. ಕುಸ್ಕೊ ವಿಮಾನ ನಿಲ್ದಾಣದಲ್ಲಿ ಇಳಿದ ಕೂಡಲೇ ಊರೊಳಗೆ ಹೋಗಬೇಡಿ. ಟ್ಯಾಕ್ಸಿ ಹಿಡಿದು ನೇರ ‘ಪವಿತ್ರ ಕಣಿವೆ’ಗೆ ಇಳಿಯಿರಿ. ಒಯಾಂತಾಯ್‌ತಾಂಬೊ ಎಂಬ ಊರು ಸುಮಾರು 2,800 ಮೀಟರ್ ಎತ್ತರದಲ್ಲಿದೆ, ದಾರಿ ಎರಡು ಗಂಟೆಯದು. ಎರಡು ರಾತ್ರಿ ಅಲ್ಲೇ ಮಲಗಿ. ಆ ಊರಿನ ಇಂಕಾ ಕೋಟೆಯೂ, ಇಂಕಾ ಕಾಲದ ಬೀದಿ ಕಾಲುವೆಗಳೂ ಎರಡು ದಿನಕ್ಕೆ ತಕ್ಕವು. ಅಲ್ಲಿಂದಲೇ ರೈಲಿನಲ್ಲಿ ಮಾಚು ಪಿಚು ನೋಡಿ ಬನ್ನಿ. ಅದು ಇನ್ನೂ ಕೆಳಗೆ, 2,430 ಮೀಟರ್. ಅದೆಲ್ಲ ಮುಗಿಸಿ ಕುಸ್ಕೊಗೆ ಹತ್ತಿ ಬರುವ ಹೊತ್ತಿಗೆ ಮೈ ಒಗ್ಗಿರುತ್ತದೆ. ಎಷ್ಟೋ ಟೂರ್ ಕಂಪನಿಗಳು ಇದನ್ನು ಉಲ್ಟಾ ಇಟ್ಟಿರುತ್ತವೆ. ನೀವು ಕೇಳಿ ಬದಲಿಸಿಕೊಳ್ಳಿ.

ಮೊದಲ ಎರಡು ದಿನ ಮದ್ಯ ಬೇಡ. ರಾತ್ರಿ ಊಟ ಹಗುರವಾಗಿರಲಿ, ನೀರು ಆಗಾಗ ಕುಡಿಯುತ್ತಿರಿ. ಅಸೆಟಜೋಲಮೈಡ್ ಮಾತ್ರೆ ಕೆಲಸ ಮಾಡುತ್ತದೆ, ಆದರೆ ಸಲ್ಫಾ ಔಷಧಿ ಅಲರ್ಜಿ ಇದ್ದವರು ತಪ್ಪದೆ ಹೇಳಬೇಕು. ಹೊರಡುವ ಮುಂಚೆ ನಿಮ್ಮ ವೈದ್ಯರನ್ನು ಕೇಳಿಯೇ ತಗೊಳ್ಳಿ. ಹೃದಯ, ಶ್ವಾಸಕೋಶದ ತೊಂದರೆ ಇರುವವರು ಮತ್ತು ಬಸುರಿಯರು ವೈದ್ಯರ ಮಾತು ಕೇಳದೆ ಹೊರಡಲೇಬಾರದು.

ಹೋಟೆಲುಗಳಲ್ಲಿ ಕೋಕಾ ಎಲೆಯ ಚಹಾ ಇಟ್ಟಿರುತ್ತಾರೆ. ಪೆರುವಿನಲ್ಲಿ ಅದು ಕಾನೂನುಬದ್ಧ, ಬೆಟ್ಟದ ಜನ ತಲೆಮಾರುಗಳಿಂದ ಬಳಸುತ್ತಿರುವುದು. ಆದರೆ ಕುಡಿದವರ ಮೂತ್ರ ಪರೀಕ್ಷೆಯಲ್ಲಿ ಕೊಕೇನ್ ಅಂಶ ಕಾಣಿಸಬಹುದು. ಕೆಲಸದ ಕಡೆ ಅಂಥ ಪರೀಕ್ಷೆ ಇರುವವರು ‘ಮುನ್ಯಾ’ ಎಂಬ ಪುದೀನದಂಥ ಬೆಟ್ಟದ ಸೊಪ್ಪಿನ ಚಹಾ ಕೇಳಿ. ಅದು ಹೊಟ್ಟೆಗೂ ಹಿತ.

ತಲೆನೋವು ಸಹಿಸಿಕೊಳ್ಳಬಹುದು. ಆದರೆ ಕೂತಲ್ಲೇ ಉಸಿರು ಸಿಗದಿರುವುದು, ನೊರೆ ಬರುವ ಕೆಮ್ಮು, ಕುಡಿದವರಂತೆ ತೂರಾಡುವುದು, ಮಾತು ಗೊಂದಲವಾಗುವುದು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಆಕ್ಸಿಜನ್ ಕೊಡಿಸಿ, ಆಸ್ಪತ್ರೆಗೆ ಹೋಗಿ, ಕೆಳಗಿನ ಊರಿಗೆ ಇಳಿಯಿರಿ.

4. ಎಲ್ಲಿ ಉಳಿಯಬೇಕು

ಸಾನ್ ಬ್ಲಾಸ್ ಬಡಾವಣೆ ಚೆಂದ, ಆದರೆ ಎಲ್ಲಾ ಏರು. ಪೆಟ್ಟಿಗೆ ಎಳೆದುಕೊಂಡು ಆ ಮೆಟ್ಟಿಲು ಹತ್ತುವುದು ಸುಲಭವಲ್ಲ. ದೊಡ್ಡವರು ಜೊತೆಗಿದ್ದರೆ ಪ್ಲಾಸಾ ದೆ ಆರ್ಮಾಸ್ ಚೌಕ ಮತ್ತು ಎಲ್ ಸೋಲ್ ರಸ್ತೆಯ ನಡುವೆ, ಸಮತಟ್ಟು ಜಾಗದಲ್ಲಿ ಕೋಣೆ ಹಿಡಿಯಿರಿ. ಚೌಕಕ್ಕೆ ಮುಖ ಮಾಡಿದ ಕೋಣೆಗಳಲ್ಲಿ ರಾತ್ರಿ ಗದ್ದಲ ಇರುತ್ತದೆ, ಹಿಂದಿನ ಅಂಗಳದ ಕಡೆ ಕೇಳಿ.

5. ಟಿಕೆಟ್‌ಗಳ ಲೆಕ್ಕಾಚಾರ

ಇಲ್ಲಿ ಒಂದೇ ಟಿಕೆಟ್ ಎಲ್ಲ ಕಡೆ ನಡೆಯುವುದಿಲ್ಲ. ‘ಬೊಲೆತೊ ತುರಿಸ್ತಿಕೊ’ ಎಂಬ ಪ್ರವಾಸಿ ಟಿಕೆಟ್‌ನಲ್ಲಿ 16 ಜಾಗಗಳು ಸೇರಿವೆ. ಸಕ್ಸಾಯ್‌ವಮನ್, ಕೆಂಕೊ, ಪಿಸಾಕ್, ಒಯಾಂತಾಯ್‌ತಾಂಬೊ, ಚಿಂಚೆರೊ, ಮೊರಾಯ್, ತಿಪೋನ್ ಮತ್ತು ಊರೊಳಗಿನ ಕೆಲವು ಮ್ಯೂಸಿಯಂಗಳು ಇದರಲ್ಲಿ ಬರುತ್ತವೆ. ವಿದೇಶಿಯರಿಗೆ ಪೂರ್ತಿ ಟಿಕೆಟ್ 130 ಸೋಲ್ (ಸೋಲ್ ಅಂದರೆ ಪೆರುವಿನ ನಾಣ್ಯ), ಹತ್ತು ದಿನ ನಡೆಯುತ್ತದೆ. 70 ಸೋಲ್‌ನ ಅರೆ ಟಿಕೆಟ್‌ಗಳು ಒಂದೆರಡು ದಿನಕ್ಕೆ, ಒಂದೊಂದು ಗುಂಪಿನ ಜಾಗಕ್ಕೆ ಮಾತ್ರ. ಬೆಲೆ ಏರಿರಬಹುದು, ನೋಡಿಕೊಳ್ಳಿ. ಪವಿತ್ರ ಕಣಿವೆಯಲ್ಲಿ ಮೊದಲ ಜಾಗ ನೋಡುವಾಗಲೇ ಪೂರ್ತಿ ಟಿಕೆಟ್ ಕೊಂಡರೆ ಕುಸ್ಕೊಗೆ ಬಂದ ಮೇಲೂ ಅದೇ ನಡೆಯುತ್ತದೆ. ನೋಟು ಕೈಯಲ್ಲಿರಲಿ, ಕಾರ್ಡನ್ನೇ ನಂಬಬೇಡಿ.

ಚೌಕದ ದೊಡ್ಡ ಚರ್ಚು ಇದರಲ್ಲಿ ಸೇರಿಲ್ಲ. ಅದಕ್ಕೂ ಸಾನ್ ಬ್ಲಾಸ್ ಚರ್ಚಿಗೂ ಸೇರಿ ಚರ್ಚಿನವರದೇ ಬೇರೆ ಟಿಕೆಟ್ ಇದೆ. ಕೊರಿಕಾಂಚ ದೇಗುಲಕ್ಕೆ ಇನ್ನೊಂದು. ಪ್ರವಾಸಿ ಟಿಕೆಟ್‌ನಲ್ಲಿ ‘ಕೊರಿಕಾಂಚ ಮ್ಯೂಸಿಯಂ’ ಎಂದು ಇರುವುದು ತೋಟದ ಕೆಳಗಿನ ಸಣ್ಣ ಮ್ಯೂಸಿಯಂ, ದೇಗುಲ ಅಲ್ಲ. ಇಲ್ಲಿ ಬಹಳ ಜನ ಗೊಂದಲಕ್ಕೆ ಬೀಳುತ್ತಾರೆ.

ಮಾಚು ಪಿಚು ಟಿಕೆಟ್ಟನ್ನು ತಿಂಗಳುಗಳ ಮುಂಚೆಯೇ ಪೆರು ಸಂಸ್ಕೃತಿ ಇಲಾಖೆಯ ಅಧಿಕೃತ ತಾಣದಲ್ಲಿ ಕೊಳ್ಳಿ. ಹೊತ್ತೂ, ಒಳಗೆ ನಡೆಯುವ ದಾರಿಯೂ ಮೊದಲೇ ನಿಗದಿ. ಪಾಸ್‌ಪೋರ್ಟ್ ಇಲ್ಲದೆ ಒಳಗೆ ಬಿಡುವುದಿಲ್ಲ.

6. ಮೊದಲ ದಿನ: ಚೌಕದಿಂದ ಕೊರಿಕಾಂಚವರೆಗೆ

ದಾರಿ ಒಂದೇ ಕಿಲೋಮೀಟರ್‌ನ ಒಳಗೆ. ಆದರೂ ಒಂದು ಇಡೀ ದಿನ ಕೊಡಿ.

ಬೆಳಿಗ್ಗೆ ಪ್ಲಾಸಾ ದೆ ಆರ್ಮಾಸ್‌ನಲ್ಲಿ ಶುರು ಮಾಡಿ. ಇಂಕಾ ಕಾಲದಲ್ಲಿ ಇದು ಹೌಕಾಯ್‌ಪಾತಾ, ಹಬ್ಬಗಳ ಮೈದಾನ. ಸಮುದ್ರದ ಮೇಲಿನ ಗೌರವಕ್ಕೆ ದೂರದ ಕರಾವಳಿಯಿಂದ ಮರಳು ಹೊತ್ತು ತಂದು ಇದರ ಮೇಲೆ ಹಾಸಿದ್ದರು. ಪೊಲೊ ದೆ ಒಂದೆಗಾರ್ದೊ ಎಂಬ ಸ್ಪೇನಿನ ಅಧಿಕಾರಿ ಆ ಮರಳನ್ನು ತೆಗೆಸಿ ಚರ್ಚು ಕಟ್ಟುವ ಕೆಲಸಕ್ಕೆ ಕೊಟ್ಟುಬಿಟ್ಟ. ಹಾಗೆಂದು ಅವನೇ ಬರೆದಿಟ್ಟಿದ್ದಾನೆ. ಎದುರಿಗೆ ಕಾಣುವ ದೊಡ್ಡ ಚರ್ಚನ್ನು ಆ ಮಾತು ನೆನಪಿಟ್ಟುಕೊಂಡು ನೋಡಿ.

ಈ ಚೌಕ ರಕ್ತವನ್ನೂ ಕಂಡಿದೆ. ಕೊನೆಯ ಇಂಕಾ ದೊರೆ ತುಪಾಕ್ ಅಮಾರುವಿನ ತಲೆ ಕಡಿದದ್ದು 1572ರಲ್ಲಿ, ಇಲ್ಲೇ. ಇನ್ನೂರು ವರ್ಷದ ಮೇಲೆ ಅದೇ ಹೆಸರು ಹೊತ್ತು ದಂಗೆ ಎದ್ದ ಎರಡನೇ ತುಪಾಕ್ ಅಮಾರುವನ್ನೂ, ದಂಗೆಯ ಮುಂದಾಳಾಗಿದ್ದ ಅವನ ಹೆಂಡತಿ ಮಿಕಾಯೆಲಾ ಬಸ್ತಿದಾಸ್‌ಳನ್ನೂ 1781ರ ಮೇ 18ರಂದು ಇಲ್ಲಿಯೇ ಕೊಂದರು. ಅಂಗಡಿ, ಹೋಟೆಲಿನ ದೀಪಗಳ ನಡುವೆ ಇದು ಮರೆತುಹೋಗುತ್ತದೆ. ಒಂದು ನಿಮಿಷ ನಿಂತು ನೆನೆಯಿರಿ.

ದೊಡ್ಡ ಚರ್ಚಿನ ಕೆಲಸ ಶುರುವಾದದ್ದು 1560ರಲ್ಲಿ, ಮುಗಿದದ್ದು 1654ರಲ್ಲಿ. ವಿರಾಕೋಚ ಎಂಬ ಇಂಕಾ ದೊರೆಯ ಅರಮನೆಯ ಜಾಗ ಅದು. ಬೆಟ್ಟದ ಮೇಲಿನ ಸಕ್ಸಾಯ್‌ವಮನ್ ಕೋಟೆಯಿಂದಲೂ ಕಲ್ಲು ಕಿತ್ತು ತಂದರು. ಒಳಗೆ ಫೋಟೋ ತೆಗೆಯುವಂತಿಲ್ಲ, ಒಳ್ಳೆಯದೇ ಆಯಿತು. ಕಣ್ಣಿಂದ ನೋಡಿ. ಇಲ್ಲಿನ ಚಿತ್ರಗಳನ್ನು ಬಿಡಿಸಿದವರಲ್ಲಿ ಬಹುಪಾಲು ಸ್ಥಳೀಯ ಮತ್ತು ಮಿಶ್ರ ಕುಲದ ಚಿತ್ರಕಾರರು. ಕಲಿಸಿದ್ದು ಯುರೋಪಿನ ಪಾದ್ರಿಗಳು, ಬಿಡಿಸಿದ ಕೈ ಇಲ್ಲಿನದು. ಮಾರ್ಕೋಸ್ ಸಪಾತಾ 1753ರಲ್ಲಿ ಬಿಡಿಸಿದ ಏಸುವಿನ ಕೊನೆಯ ಊಟದ ಚಿತ್ರವನ್ನು ಹುಡುಕಿ. ಮೇಜಿನ ನಡುವಿನ ತಟ್ಟೆಯಲ್ಲಿ ಅಂಗಾತ ಬಿದ್ದಿರುವುದು ‘ಕುಯಿ’, ಅಂದರೆ ಗಿನಿಯಿಲಿ. ಬೆಟ್ಟದ ಹಬ್ಬದೂಟ ಅದು. ಮೇರಿ ಮಾತೆಯ ಚಿತ್ರಗಳಲ್ಲಿ ನಿಲುವಂಗಿ ಮುಕ್ಕೋನವಾಗಿ, ಬೆಟ್ಟದ ಆಕಾರದಲ್ಲಿ ಇರುತ್ತದೆ. ಬೆಟ್ಟವನ್ನೇ ದೇವರೆಂದು ಪೂಜಿಸಿದ ಜನಕ್ಕೆ ಅದರಲ್ಲಿ ಏನು ಕಂಡಿರಬಹುದು ಎಂದು ಊಹಿಸಬಹುದು, ಅಲ್ವಾ? 1650ರ ಭೂಕಂಪದಲ್ಲಿ ಊರು ಉರುಳುತ್ತಿರುವ ಚಿತ್ರವೂ ಒಳಗಿದೆ. ಬೀದಿ ಬೀದಿಯೂ ಗುರುತಾಗುತ್ತದೆ.

ಹೊರಗೆ ಬಂದು, ಚೌಕದ ಇನ್ನೊಂದು ಬದಿಯ ಜೆಸುಯಿಟ್ ಚರ್ಚಿನ ಪಕ್ಕದ ಓಣಿ ಹಿಡಿಯಿರಿ. ಇದು ಲೊರೆತೊ ಬೀದಿ. ಗೋಡೆ ಓದುವುದನ್ನು ಇಲ್ಲಿ ಕಲಿಯಬಹುದು. ಎಡಗಡೆ ಆಯ್ದ ಹೆಣ್ಣುಮಕ್ಕಳು ಸೂರ್ಯನ ಸೇವೆಗೆ ಬಟ್ಟೆ ನೇಯುತ್ತಿದ್ದ ಮನೆಯ ಗೋಡೆ, ಈಗ ಅದೇ ಜಾಗದಲ್ಲಿ ಕ್ರೈಸ್ತ ಸನ್ಯಾಸಿನಿಯರ ಮಠವಿದೆ. ಬಲಗಡೆ ಅಮಾರುಕಾಂಚ ಅರಮನೆಯ ಗೋಡೆ. ಮೂರು ಗುರುತು ನೋಡಿ. ಒಂದು, ಕಲ್ಲುಗಳ ಸಂದಿನಲ್ಲಿ ಗಾರೆ ಇದೆಯಾ? ಇಂಕಾ ಕೆಲಸವಾದರೆ ಇರುವುದಿಲ್ಲ. ಎರಡು, ಗೋಡೆ ಮೇಲಕ್ಕೆ ಹೋಗುತ್ತಾ ಒಳಕ್ಕೆ ವಾಲಿದೆಯಾ? ಇಂಕಾ ಗೋಡೆ ವಾಲಿರುತ್ತದೆ, ಬಾಗಿಲು ಕೂಡ ಬುಡದಲ್ಲಿ ಅಗಲ, ಮೇಲೆ ಕಿರಿದು. ಮೂರು, ಕಲ್ಲುಗಳು ಮೇಲೆ ಹೋದಂತೆ ಚಿಕ್ಕದಾಗುತ್ತಿವೆಯಾ? ಕಲ್ಲು ಇಂಕಾಗಳದ್ದೇ ಆಗಿದ್ದು ಸಂದಿನಲ್ಲಿ ಗಾರೆ ಇದ್ದರೆ, ಸ್ಪೇನಿನವರ ಕಾಲದಲ್ಲಿ ಕಿತ್ತು ಮತ್ತೆ ಕಟ್ಟಿದ್ದು. ಒಂದು ಗಂಟೆ ಹೀಗೆ ನೋಡಿದರೆ ಸಾಕು, ಆಮೇಲೆ ಊರಿನ ಯಾವ ಬೀದಿಯಲ್ಲೂ ನಿಮಗೆ ಗೈಡ್ ಬೇಕಾಗುವುದಿಲ್ಲ.

ಕಬ್ಬಿಣ ಕಾಣದ ಜನ ಇವರು. ಗಟ್ಟಿ ಕಲ್ಲಿನ ಗುಂಡುಗಳಿಂದ ಜಜ್ಜಿ ಜಜ್ಜಿ, ಇಟ್ಟು ನೋಡಿ, ಮತ್ತೆ ತೆಗೆದು ಜಜ್ಜಿ ಕೂಡಿಸಿದ್ದಾರೆ.

ಲೊರೆತೊ ದಾಟಿ ಕೆಳಗಿಳಿದರೆ ಕೊರಿಕಾಂಚ, ಸೂರ್ಯನ ದೇಗುಲ. ಇದರ ಗೋಡೆಗೆ ಚಿನ್ನದ ತಗಡು ಹೊದಿಸಿದ್ದರು. ಸೆರೆಯಾಗಿದ್ದ ಇಂಕಾ ದೊರೆ ಅತಾವಾಲ್ಪನ ಬಿಡುಗಡೆಗೆಂದು ಸ್ಪೇನಿನವರು ಆ ತಗಡು ಕಿತ್ತು ಒಯ್ದರು. ಅವನನ್ನು ಬಿಡಲಿಲ್ಲ, ಕೊಂದರು. ಆಮೇಲೆ ಇದರ ಮೇಲೆ ಸಾಂತೊ ದೊಮಿಂಗೊ ಮಠ ಎದ್ದಿತು. 1950ರ ಮೇ 21ರಂದು ಭೂಮಿ ನಡುಗಿದಾಗ ಮಠದ ಭಾಗಗಳು ಉರುಳಿದವು, ಕೆಳಗಿನ ಇಂಕಾ ಗೋಡೆ ನಿಂತಿತ್ತು. ಮಠದ ಕಟ್ಟಡದಲ್ಲಿ ಮುಚ್ಚಿಹೋಗಿದ್ದ ದೇಗುಲದ ಕೋಣೆಗಳು ಹೊರಗೆ ಕಂಡದ್ದು ಆ ಭೂಕಂಪದಿಂದಲೇ. ಅಂಗಳದಲ್ಲಿ ನಿಂತು ಕಮಾನುಗಳ ಹಿಂದಿನ ಆ ಕೋಣೆಗಳನ್ನು ನೋಡಿ. ನಂತರ ಹೊರಗೆ ಹೋಗಿ ತೋಟದ ಕಡೆಯಿಂದ ಬಾಗಿದ ದುಂಡು ಗೋಡೆಯನ್ನು ನೋಡಿ. ಇಡೀ ಕುಸ್ಕೊದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಕಟ್ಟಡದ ಕೆಲಸ ಅದು.

7. ಎರಡನೇ ದಿನ: ಸಾನ್ ಬ್ಲಾಸ್ ಮತ್ತು ಸಕ್ಸಾಯ್‌ವಮನ್

ಸಕ್ಸಾಯ್‌ವಮನ್ ಊರಿನ ನೆತ್ತಿಯ ಮೇಲಿದೆ. ಬೆಳಿಗ್ಗೆ ಟ್ಯಾಕ್ಸಿಯಲ್ಲಿ ಮೇಲಕ್ಕೆ ಹೋಗಿ, ನಡೆದು ಕೆಳಗಿಳಿಯಿರಿ. ಹತ್ತುವುದಕ್ಕಿಂತ ಇಳಿಯುವುದೇ ಜಾಣತನ. ಹಲ್ಲುಹಲ್ಲಾಗಿ ತಿರುಗುವ ಮೂರು ಸಾಲು ಗೋಡೆ, ಕೆಲವು ಕಲ್ಲುಗಳು ನೂರು ಟನ್‌ಗೂ ಮಿಕ್ಕಿ. 1536ರಲ್ಲಿ ಇಂಕಾ ದೊರೆ ಮಾಂಕೊ ಸ್ಪೇನಿನವರನ್ನು ಮುತ್ತಿದಾಗ ಈ ಕೋಟೆಗಾಗಿ ಘೋರ ಕಾಳಗವಾಯಿತು. ಪಿಸಾರೊನ ತಮ್ಮ ಹುವಾನ್ ಸತ್ತದ್ದು ಇಲ್ಲಿ ಆದ ಗಾಯದಿಂದಲೇ. ಗೆದ್ದವರು ಆಮೇಲೆ ಇದನ್ನು ಕಲ್ಲು ಗಣಿಯ ಹಾಗೆ ಬಳಸಿದರು. ಈಗ ಉಳಿದಿರುವುದು ಅವರಿಗೆ ಎತ್ತಲಾಗದ ಕಲ್ಲುಗಳು.

ಇಳಿಯುವ ದಾರಿಯಲ್ಲಿ ಸಾನ್ ಕ್ರಿಸ್ತೊಬಾಲ್ ಚರ್ಚಿನ ಮುಂದೆ ಇಡೀ ಊರಿನ ಹೆಂಚು ಕಾಣುತ್ತದೆ. ಅಲ್ಲಿಂದ ಸಾನ್ ಬ್ಲಾಸ್‌ಗೆ ನಡೆಯಿರಿ. ಆ ಪುಟ್ಟ ಚರ್ಚಿನೊಳಗಿನ ದೇವದಾರು ಮರದ ಪ್ರವಚನ ಪೀಠದ ಕೆತ್ತನೆ ನೋಡದೆ ಬರಬೇಡಿ. ಬಡಾವಣೆಯ ತುಂಬ ಕುಶಲಕರ್ಮಿಗಳ ಮನೆಗಳು. ಉದ್ದ ಕತ್ತಿನ ಸಂತರ ಗೊಂಬೆಗಳು ಇಲಾರಿಯೊ ಮೆಂದಿವಿಲ್ ಮನೆತನದ ಕೈಚಳಕ.

ಸಾನ್ ಬ್ಲಾಸ್‌ನಿಂದ ಚೌಕಕ್ಕೆ ಇಳಿಯುವ ಹತುನ್ ರುಮಿಯೊಕ್ ಬೀದಿಯಲ್ಲಿ ಹನ್ನೆರಡು ಮೂಲೆಯ ಕಲ್ಲಿದೆ. ಹನ್ನೆರಡು ಮೂಲೆಗೂ ಸುತ್ತಲಿನ ಕಲ್ಲು ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿವೆ. ಮುಟ್ಟಬೇಡಿ. 2025ರ ಫೆಬ್ರವರಿಯಲ್ಲಿ ಒಬ್ಬ ಲೋಹದ ವಸ್ತುವಿನಿಂದ ಬಡಿದು ಅದಕ್ಕೆ ಗಾಯ ಮಾಡಿದ್ದಾನೆ. ಫೋಟೋಗೆ ಅಲ್ಲಿ ಸಾಲು ನಿಂತಿರುತ್ತದೆ, ಆದರೆ ಇಡೀ ಬೀದಿಯ ಗೋಡೆಯೇ ಅಷ್ಟು ಚೆನ್ನಾಗಿದೆ. ಹತ್ತು ಹೆಜ್ಜೆ ಮುಂದೆ ಹೋಗಿ ಸುಮ್ನೆ ನಿಂತು ನೋಡಿ.

8. ಊಟ, ಅದರಲ್ಲೂ ಸಸ್ಯಾಹಾರಿಗಳಿಗೆ

ನಮ್ಮ ಅಡುಗೆಮನೆಯ ಆಲೂಗಡ್ಡೆಯ ತವರು ಈ ಬೆಟ್ಟಗಳು. ಕಡಲೆಕಾಯಿಯೂ ದಕ್ಷಿಣ ಅಮೆರಿಕದ್ದೇ. ಹಾಸನದ ಹೊಲಕ್ಕೆ ಬಂದ ಆಲೂಗಡ್ಡೆ ಬೆರಳೆಣಿಕೆಯ ತಳಿ, ಆಂಡಿಸ್‌ನಲ್ಲಿ ಸಾವಿರಾರು. ಸಾನ್ ಪೆದ್ರೊ ಮಾರುಕಟ್ಟೆಗೆ ಹೋದರೆ ನೇರಳೆ, ಹಳದಿ, ಗಂಟುಗಂಟಾದವು, ರಾತ್ರಿಯ ಹಿಮದಲ್ಲಿ ಹೆಪ್ಪುಗಟ್ಟಿಸಿ ಬಿಸಿಲಲ್ಲಿ ಒಣಗಿಸಿದ ‘ಚುನ್ಯೊ’ ಎಲ್ಲ ಕಾಣುತ್ತವೆ. ‘ಕಿವಿಚ’ ಎಂದು ಮಾರುವ ಸಣ್ಣ ಕಾಳು ನಮ್ಮ ರಾಜಗಿರಿಯ ಬಳಗದ್ದು.

ಮಾಂಸ ತಿನ್ನದವರು ಇಲ್ಲಿ ಉಪವಾಸ ಬೀಳಬೇಕಿಲ್ಲ, ಆದರೆ ಕೇಳುವ ರೀತಿ ಗೊತ್ತಿರಬೇಕು. ‘ಸಿನ್ ಕಾರ್ನೆ’ ಎಂದರೆ ದನದ ಮಾಂಸ ಬೇಡ ಎಂದಷ್ಟೇ ತಿಳಿದು ಕೋಳಿ ಹಾಕಿ ತರುತ್ತಾರೆ. ‘ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ’ (ಮಾಂಸ ಬೇಡ, ಕೋಳಿ ಬೇಡ, ಮೀನು ಬೇಡ) ಎಂದು ಪೂರ್ತಿ ಹೇಳಿ. ಸೂಪು ತರಕಾರಿಯದ್ದೇ ಆದರೂ ಬುಡದಲ್ಲಿ ಕೋಳಿ ಸಾರು ಇರುವುದು ಸಾಮಾನ್ಯ. ‘ಸಿನ್ ಕಾಲ್ದೊ ದೆ ಪೊಯೊ’ ಎಂದು ಕೇಳಲು ಹಿಂಜರಿಯಬೇಡಿ. ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆಸಿಕೊಂಡು ಜೇಬಿನಲ್ಲಿಟ್ಟುಕೊಂಡರೆ ಇನ್ನೂ ಸುಲಭ.

ಸಿಹಿಗುಂಬಳ, ಆಲೂಗಡ್ಡೆ, ಚೀಸ್ ಹಾಕಿ ಬೇಯಿಸುವ ‘ಲೊಕ್ರೊ ದೆ ಸಪಾಯೊ’ ಅನ್ನದ ಜೊತೆ ನಮ್ಮ ನಾಲಗೆಗೆ ಒಗ್ಗುತ್ತದೆ. ಬೇಯಿಸಿದ ಆಲೂಗಡ್ಡೆಯ ಮೇಲೆ ಚೀಸ್ ಮತ್ತು ಹಳದಿ ಮೆಣಸಿನಕಾಯಿಯ ಗೊಜ್ಜು ಸುರಿದ ‘ಪಾಪಾ ಅ ಲಾ ವಾಂಕಾಯಿನಾ’ ಸಿಗುತ್ತದೆ. ಬೀದಿಯಲ್ಲಿ ದಪ್ಪ ಕಾಳಿನ ಬೇಯಿಸಿದ ಜೋಳ, ಪಕ್ಕದಲ್ಲಿ ಒಂದು ತುಂಡು ಚೀಸ್. ಸಂಜೆ ಚಳಿಗೆ ಗಾಡಿಯವರ ಬಿಸಿ ‘ಎಮೊಲಿಯೆಂತೆ’ ಕಷಾಯ. ಮಧ್ಯಾಹ್ನ ಸಣ್ಣ ಹೋಟೆಲುಗಳಲ್ಲಿ ‘ಮೆನು’ ಎಂದರೆ ಸೂಪು, ಊಟ, ಪಾನಕ ಸೇರಿದ ಅಗ್ಗದ ಊಟ. ಚೌಕದ ಹೋಟೆಲಿನ ಬೆಲೆಯ ಸಣ್ಣ ಪಾಲಿಗೆ ಹೊಟ್ಟೆ ತುಂಬುತ್ತದೆ.

ಸಾನ್ ಪೆದ್ರೊ ಮಾರುಕಟ್ಟೆಯ ಹಣ್ಣಿನ ರಸದ ಸಾಲಿನಲ್ಲಿ ಕೂತಾಗ ಲೋಟ ಮುಗಿದ ಮೇಲೆ ‘ಯಾಪಾ’ ಕೇಳಿ, ಕೊಸರು ಹಾಕುತ್ತಾರೆ. ವ್ಯಾಪಾರದ ಹೆಂಗಸನ್ನು ‘ಕಾಸೆರಾ’ ಎಂದು ಕರೆದರೆ ಮುಖ ಅರಳುತ್ತದೆ. ನಲ್ಲಿ ನೀರು ಮಾತ್ರ ಕುಡಿಯಬೇಡಿ. ರಸಕ್ಕೂ ಕುದಿಸಿದ ನೀರು ಹಾಕಿ ಎಂದು ಹೇಳಿ.

9. ದುಡ್ಡು, ಓಡಾಟ, ಖರೀದಿ

ಡಾಲರ್ ಒಯ್ದು ಎಲ್ ಸೋಲ್ ರಸ್ತೆಯ ವಿನಿಮಯ ಅಂಗಡಿಗಳಲ್ಲಿ ಸೋಲ್‌ಗೆ ಬದಲಿಸಿ. ಸ್ವಲ್ಪ ಹರಿದ ನೋಟನ್ನೂ ತಗೊಳ್ಳುವುದಿಲ್ಲ, ಹೊಸ ನೋಟೇ ಒಯ್ಯಿರಿ. ಟ್ಯಾಕ್ಸಿಗೆ ಮೀಟರ್ ಇಲ್ಲ, ಹತ್ತುವ ಮುಂಚೆ ದರ ಮಾತಾಡಿ. ಒಯಾಂತಾಯ್‌ತಾಂಬೊಗೆ ಹೋಗುವ ಶೇರ್ ವ್ಯಾನುಗಳು ಪಾವಿತೋಸ್ ಬೀದಿಯಿಂದ, ಪಿಸಾಕ್‌ಗೆ ಪುಪುತಿ ಬೀದಿಯಿಂದ ಹೊರಡುತ್ತವೆ. ತುಂಬಿದ ಮೇಲೆ ಹೊರಡುವುದು ಅಲ್ಲಿನ ವೇಳಾಪಟ್ಟಿ. ಮಾರುಕಟ್ಟೆಯ ಸುತ್ತ ಫೋನು, ಪರ್ಸು ಜೋಪಾನ. ಚೌಕದಲ್ಲಿ ಬಣ್ಣದ ಲಂಗ ತೊಟ್ಟು ಕುರಿಮರಿ ಹಿಡಿದ ಹೆಂಗಸರ ಫೋಟೋ ತೆಗೆದರೆ ದುಡ್ಡು ಕೊಡಬೇಕು. ಮೊದಲೇ ಕೇಳಿ ಕೊಡಿ, ಅದು ಅವರ ದಿನದ ದುಡಿಮೆ.

‘ಬೇಬಿ ಅಲ್ಪಾಕಾ’ ಎಂದು ಬೀದಿಯಲ್ಲಿ ಅಗ್ಗಕ್ಕೆ ಮಾರುವ ಶಾಲುಗಳಲ್ಲಿ ಬಹಳಷ್ಟು ಅಕ್ರಿಲಿಕ್ ನೂಲು, ಅಲ್ಪಾಕಾ ಎಂಬ ಬೆಟ್ಟದ ಪ್ರಾಣಿಯ ಉಣ್ಣೆಯಲ್ಲ. ನಿಜವಾದ ಕೈಮಗ್ಗ ಬೇಕಿದ್ದರೆ ಕೊರಿಕಾಂಚದ ಹತ್ತಿರ, ಎಲ್ ಸೋಲ್ ರಸ್ತೆಯ ಸಾಂಪ್ರದಾಯಿಕ ನೇಯ್ಗೆ ಕೇಂದ್ರಕ್ಕೆ ಹೋಗಿ. ಚಿಂಚೆರೊ ಊರಿನ ನೇಕಾರ್ತಿ ನಿಲ್ದಾ ಕಾಯಾನ್ಯಾಉಪಾ 1996ರಲ್ಲಿ ಕಟ್ಟಿದ ಸಂಸ್ಥೆ ಅದು. ಹಳ್ಳಿಯ ಹೆಂಗಸರು ಅಲ್ಲೇ ಕೂತು ನೇಯುತ್ತಿರುತ್ತಾರೆ. ಪಾಪಾಸುಕಳ್ಳಿಯ ಮೇಲೆ ಬೆಳೆಯುವ ಕೊಚಿನೀಲ್ ಹುಳುವಿನಿಂದ ತೆಗೆದ ಕೆಂಪು ಬಣ್ಣ ನೋಡಿ. ಬೆಲೆ ಜಾಸ್ತಿ ಅನಿಸಬಹುದು. ಒಂದು ಬಟ್ಟೆಗೆ ವಾರಗಟ್ಟಲೆ ದುಡಿಮೆ ಹಿಡಿಯುತ್ತದೆ, ಅಲ್ಲಿ ಚೌಕಾಸಿ ಬೇಡ.

10. ಒಂದು ದಿನ ಉಳಿದರೆ

ಎಲ್ಲರೂ ಏಳು ಬಣ್ಣದ ಬೆಟ್ಟಕ್ಕೆ ಓಡುತ್ತಾರೆ. ಅದು 5,000 ಮೀಟರ್ ದಾಟಿದ ಎತ್ತರ, ನಮ್ಮಂಥವರಿಗೆ ಸುಲಭವಲ್ಲ. ಬದಲಿಗೆ ದಕ್ಷಿಣ ಕಣಿವೆಗೆ ಹೋಗಿ. ತಿಪೋನ್‌ನಲ್ಲಿ ಇಂಕಾಗಳು ಕಟ್ಟಿದ ಕಾಲುವೆಗಳಲ್ಲಿ ಇವತ್ತಿಗೂ ನೀರು ಹರಿಯುತ್ತಿದೆ. ಪಿಕಿಯಾಕ್ತಾ ಇಂಕಾಗಳಿಗಿಂತ ಹಿಂದಿನ ವಾರಿ ಜನರ ಊರು. ಸುಮಾರು 40 ಕಿಲೋಮೀಟರ್ ದೂರದ ಅಂದಾವೈಲಿಯಾಸ್ ಹಳ್ಳಿಯ ಚರ್ಚು ಹೊರಗಿಂದ ಸಾದಾ ಮಣ್ಣಿನ ಕಟ್ಟಡ. ಒಳಗೆ ಕಾಲಿಟ್ಟರೆ ಚಾವಣಿಯಿಂದ ಗೋಡೆಯವರೆಗೆ ಚಿತ್ರ. ಅಲ್ಲಿ ಪಾದ್ರಿಯಾಗಿದ್ದ ಹುವಾನ್ ಪೆರೆಸ್ ಬೊಕಾನೆಗ್ರಾ ದೀಕ್ಷಾಸ್ನಾನದ ಕೋಣೆಯ ಬಾಗಿಲಿನ ಸುತ್ತ ಒಂದೇ ಮಂತ್ರವನ್ನು ಐದು ಭಾಷೆಗಳಲ್ಲಿ ಬರೆಸಿದ್ದಾನೆ: ಲ್ಯಾಟಿನ್, ಸ್ಪ್ಯಾನಿಷ್, ಕೆಚುವಾ, ಐಮಾರಾ, ಮತ್ತು ಈಗ ಆಡುವವರೇ ಇಲ್ಲದ ಪುಕಿನಾ. ಭಾಷೆಯ ಮೇಲೆ ಪ್ರೀತಿ ಇರುವವರು ಆ ಬಾಗಿಲಿಗಾಗಿಯೇ ಅಲ್ಲಿಗೆ ಹೋಗಬಹುದು. ಈ ಮೂರೂ ಒಂದೇ ದಾರಿಯಲ್ಲಿವೆ, ಒಂದು ಟ್ಯಾಕ್ಸಿ ಮಾತಾಡಿಕೊಂಡರೆ ಸಂಜೆಯೊಳಗೆ ವಾಪಸು ಬರಬಹುದು.

ವಾಪಸು ಬರುವ ಹಿಂದಿನ ರಾತ್ರಿ ಪೆಟ್ಟಿಗೆ ಒಮ್ಮೆ ಪೂರ್ತಿ ಬಿಚ್ಚಿ ನೋಡಿ. ಕೋಕಾ ಚಹಾದ ಪೊಟ್ಟಣ, ಕೋಕಾ ಮಿಠಾಯಿ ಯಾವುದೂ ಇರಬಾರದು. ಭಾರತದಲ್ಲೂ ಅಮೆರಿಕದಲ್ಲೂ ಅದನ್ನು ತರುವುದು ಅಪರಾಧ, ಕಾಣಿಕೆಗೆ ತಂದೆ ಎಂದರೆ ಯಾರೂ ಕೇಳುವುದಿಲ್ಲ. ಹಳದಿ ಕಾರ್ಡು ಮಾತ್ರ ಪೆಟ್ಟಿಗೆಗೆ ಹಾಕದೆ ಪಾಸ್‌ಪೋರ್ಟ್ ಜೊತೆ ಕೈಚೀಲದಲ್ಲಿಡಿ.